ಗೆದ್ದವರು ಎರಡನೇ ಸಲ ಹಾಡುವಾಗ

ಮಾರ್ಚ್ ೩, ಭಾನುವಾರ

ಯಾರದು ನನ್ನ ಪುಸ್ತಕ ತೆಗೆದದ್ದು? ಬೇರೆ ಕೆಲಸ ಇಲ್ಲವೇ? ಓದಲೇಬೇಕೆಂದರೆ ಕೈ ಒರೆಸಿಕೊಂಡು, ಹಾಳೆ ಮಡಚದೆ ಓದು. ಮುದುಕಿ ಇದರೊಳಗೆ ನಿಧಿ ಹೂತಿಟ್ಟಿಲ್ಲ.

ಬಟ್ಟೆ ಮಡಚುತ್ತಾ ಟಿವಿ ನೋಡಿದೆ. ದೇಶದೇಶದವರು ಹಾಡುವ ಆ ಸ್ಪರ್ಧೆ ಇದೆಯಲ್ಲ, ಮೊದಲ ವರ್ಷದಿಂದ ಯಾರು ಯಾರು ಗೆದ್ದರೆಂದು ಪ್ರತಿ ಭಾನುವಾರ ತೋರಿಸುತ್ತಿದ್ದಾರೆ. ಒಬ್ಬಳು ಕಂಬದ ಹಾಗೆ ನಿಂತು ಗೆದ್ದಳು. ಒಬ್ಬ ಪಿಯಾನೋ ಮೇಲೆ ಹತ್ತಿ ಗೆದ್ದ. ಇನ್ನೊಬ್ಬನ ತಲೆ ಥೇಟ್ ಹಕ್ಕಿಗೂಡು, ಅವನೂ ಗೆದ್ದ.

ಗೆದ್ದವರು ಬಹುಮಾನ ಹಿಡಿದು ಅದೇ ಹಾಡನ್ನು ಇನ್ನೊಮ್ಮೆ ಹಾಡಬೇಕು, ಅದು ಅಲ್ಲಿನ ಪದ್ಧತಿ. ಆಗ ಎಲ್ಲರ ಹಾಡೂ ಕೆಡುತ್ತದೆ. ಗಂಟಲು ಕಟ್ಟುತ್ತದೆ, ಮೂಗು ಸೋರುತ್ತದೆ. ನನಗೆ ಅದೇ ಇಷ್ಟ.

ನಮ್ಮ ಸೊಸೆಯೂ ಒಂದು ವರ್ಷ ಗೆದ್ದವಳೇ. ನನ್ನ ಮಗನನ್ನು ಕಟ್ಟಿಕೊಳ್ಳುವ ಮೊದಲು. ಗಂಟಲಿನ ಆಪರೇಷನ್ ಆದ ಮೇಲೆ ದನಿ ತಗ್ಗಿತು, ಒರಟಾಯಿತು. ಹಾಡು ನಿಂತಿತು. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ.

ಮಾರ್ಚ್ ೫

ಸ್ಪರ್ಧೆಯವರಿಂದ ಸೊಸೆಗೆ ಮೇಲ್. ಗೆದ್ದವರನ್ನೆಲ್ಲ ಒಂದೇ ವೇದಿಕೆಗೆ ಕರೆಯುತ್ತಾರಂತೆ. ತಲಾ ಒಂದು ಪಲ್ಲವಿ. ತಿಂಗಳು ಮುಗಿಯುವುದರೊಳಗೆ ಬರುತ್ತೀರೋ ಇಲ್ಲವೋ ತಿಳಿಸಿ ಎಂದು.

"ಆಗಲ್ಲ ಅಂತ ಬರೆದುಬಿಡ್ತೀನಿ," ಅಂದಳು.

"ಅಷ್ಟು ಅವಸರ ಏನೇ? ಬೆನ್ನಟ್ಟಿಕೊಂಡು ಬಂದಿದ್ದಾರಾ?"

"ಅಮ್ಮಾ, ಅವಳ ಪಾಡಿಗೆ ಬಿಡು," ಅಂದ ಮಗ.

"ಬಿಟ್ಟಿದ್ದೀನಲ್ಲೋ. ಬಿಟ್ಟೂ ಬಿಟ್ಟೂ ಇಷ್ಟು ವರ್ಷ ಆಯ್ತು."

ಮಾರ್ಚ್ ೧೭, ಭಾನುವಾರ

ಇವತ್ತು ಸೊಸೆ ಗೆದ್ದ ವರ್ಷ ಬಂತು. ಹಾಲು ಉಕ್ಕುತ್ತೆ ಎಂದು ಅಡುಗೆಮನೆಗೆ ಎದ್ದು ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಟಿವಿಯಲ್ಲಿ ಅವಳೇ, ಹಳದಿ ಬಟ್ಟೆ, ಕಡ್ಡಿಯಂಥ ಹುಡುಗಿ. ಮೊದಲ ಸಲ ಚೆನ್ನಾಗಿಯೇ ಹಾಡಿದಳು. ಎರಡನೇ ಸಲ ಪದ ಮರೆತಳು, ಬಿಕ್ಕಿದಳು, ನಕ್ಕಳು... ಜನರೇ ಹಾಡಿ ಮುಗಿಸಿದರು. ನನ್ನ ಕಣ್ಣಿಗೂ ಏನೋ ಬಿತ್ತು.

ಅಡುಗೆಮನೆಗೆ ಹೋದೆ. "ಎರಡನೇ ಸಲ ಎಷ್ಟು ಕೆಟ್ಟದಾಗಿ ಹಾಡಿದ್ದೀಯೇ."

"ಅವತ್ತು ಗೆದ್ದಿದ್ದೆ ಅತ್ತೆ. ಗೆದ್ದವರು ಕಪ್ಪೆ ಥರ ವಟಗುಟ್ಟಿದ್ರೂ ಚಪ್ಪಾಳೆ."

"ಈಗೇನು, ಸೋತಿದ್ದೀಯಾ? ಬಹುಮಾನ ವಾಪಸ್ ಕೊಡು ಅಂತ ಯಾರು ಬಂದಿದ್ರು?"

ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಮಾರ್ಚ್ ೨೫, ಬೆಳಿಗ್ಗೆ

ಸೊಸೆ ಬಾತ್‌ರೂಮಿನಲ್ಲಿ. ನಲ್ಲಿ ಜೋರಾಗಿ ಬಿಟ್ಟಿದ್ದಾಳೆ. ನೀರಿನ ಸದ್ದಿನೊಳಗೆ ಇನ್ನೇನೋ ಸದ್ದು. ಕಿವಿ ಇಟ್ಟೆ, ಸರಿಯಾಗಿ ಕೇಳಲಿಲ್ಲ. ಹಿತ್ತಲಿಗೆ ಹೋಗಿ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿಬಿಟ್ಟೆ.

ಅವಳಿಗೆ ತಕ್ಷಣ ತಿಳಿಯಲಿಲ್ಲ. ಪಲ್ಲವಿ ಪೂರ್ತಿ ಹಾಡಿದಳು. ತಗ್ಗಿನಲ್ಲಿ, ಒರಟಾಗಿ, ಆದರೆ ಎಲ್ಲೂ ಜಾರದೆ. ನಾಲ್ಕು ಕಷ್ಟ ಕಂಡವಳ ದನಿ. ಆಮೇಲೆ ನಿಲ್ಲಿಸಿದಳು.

"ಅತ್ತೆ... ನೀರು ನಿಂತುಹೋಯ್ತು."

"ನೀರು ಬರುತ್ತೆ ಬಿಡು. ನೀನು ಮುಂದಿನ ಸಾಲು ಹೇಳು."

ಒಳಗೆ ಖಾಲಿ ನಲ್ಲಿಯನ್ನು ಎರಡು ಸಲ ತಿರುಗಿಸಿದಳು. ಕೊನೆಗೆ, "ಮೈಯೆಲ್ಲಾ ಸೋಪು ಅತ್ತೆ."

ಮಾರ್ಚ್ ೨೯

ಸಂಜೆ ಸ್ಪರ್ಧೆಯವರೇ ಫೋನ್ ಮಾಡಿದರು. ಸೊಸೆ ಕೇಳಿದ್ದು ಒಂದೇ, "ಶ್ರುತಿ ಇಳಿಸಿ ಕೊಡ್ತೀರಾ?" ಎಷ್ಟು ಬೇಕಾದರೂ ಇಳಿಸುತ್ತೇವೆ, ಬರೆದು ಕಳಿಸಿ ಎಂದರಂತೆ. ಇವಳು "ನೋಡ್ತೀನಿ" ಎಂದು ಇಟ್ಟುಬಿಟ್ಟಳು. ಏನು ನೋಡುವುದು, ಬೆಟ್ಟವೇ?

ಈ ಪುಸ್ತಕ ಓದುತ್ತಿರುವವಳು ನೀನೇ ಎಂದು ಗೊತ್ತು. ಕನ್ನಡಕ ಒರೆಸುವ ಬಟ್ಟೆ ಹಾಳೆಯ ನಡುವೆ ಬಿಟ್ಟು ಹೋಗಿದ್ದೀಯ. ಬಾಯಲ್ಲಿ ಹೇಳಿದರೆ ಇಬ್ಬರಿಗೂ ಜಗಳ. ಅದಕ್ಕೇ ಇಲ್ಲಿ ಬರೆಯುತ್ತೇನೆ. ಟಿವಿಯ ಹುಡುಗಿಗಿಂತ ಮೊನ್ನೆ ಕೇಳಿದ ದನಿಯೇ ನನಗೆ ಹಿಡಿಸಿತು. ಹೇಳಿಬಿಟ್ಟೆ, ಇನ್ನು ನನ್ನ ತಲೆ ಮೇಲೆ ಕೂರು.

ಏಪ್ರಿಲ್ ಹುಟ್ಟುವುದರೊಳಗೆ ಅವರಿಗೆ ಉತ್ತರ ಕಳಿಸು. ಬರುತ್ತೇನೆ ಎಂದು ಬರೆ. ಶ್ರುತಿ ಎಷ್ಟು ಇಳಿಸಬೇಕೋ ಅದನ್ನೂ ಬರೆ, ಸಂಕೋಚ ಬೇಡ. ಜೊತೆಗೆ ಅತ್ತೆ ಬರುತ್ತಾಳೆ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡಿ ಎಂದೂ ಬರೆ.