ಪಕ್ಕದ ಕಂಬದ ಅಂಕ

ಮುಖರ್ಜಿ ನಗರ, ದೆಹಲಿ
ಆಗಸ್ಟ್ 2007

ಅಪ್ಪಾಜಿಗೆ ನಿಮ್ಮ ಮಹಂತೇಶನ ನಮಸ್ಕಾರ.

ಹಾಸ್ಟೆಲ್ ಗೆಳೆಯರು ನನ್ನನ್ನು ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡಕ್ಕೆ ಸೇರಿಸಿದ್ದಾರೆ. ಚೆಂಡು ಸುಲಿಯದ ತೆಂಗಿನಕಾಯಿಯ ಹಾಗಿದೆ. ಒದ್ದದ್ದು ನಡುವಿನ ಕಂಬಗಳ ಮಧ್ಯೆ ಹೋದರೆ ಆರು ಅಂಕ. ಗುರಿ ತಪ್ಪಿ ಅವುಗಳಿಗೂ ಪಕ್ಕದ ಕಂಬಕ್ಕೂ ನಡುವೆ ಹೋದರೂ ಒಂದು ಅಂಕ ಕೊಡುತ್ತಾರೆ!

ಭಾನುವಾರ ನನ್ನ ಮೊದಲ ಪಂದ್ಯ. ನಾನು ಒದ್ದದ್ದೆಲ್ಲ ಪಕ್ಕಕ್ಕೇ ಹೋಯಿತು. ನಮ್ಮ ಕೋಚ್ ರಾವತ್ ಸರ್ ತಲೆ ಚಚ್ಚಿಕೊಂಡರು. ಕೊನೆಗೆ ನೋಡಿದರೆ ಒಂದೇ ಅಂಕದಿಂದ ಗೆದ್ದಿದ್ದೆವು! “ಶಾಬಾಶ್ ಬೇಟಾ, ಹೀಗೇ ತಪ್ಪುತ್ತಿರು” ಎಂದು ಅವರೇ ಬೆನ್ನು ತಟ್ಟಿದರು.

ಮೊಣಕಾಲಿಗೆ ಹಚ್ಚಲು ಅವ್ವ ಔಡಲ ಎಣ್ಣೆ ಕಳಿಸಲಿ. ಗಾಯ ದೊಡ್ಡದೇನಲ್ಲ.

ಐಎಎಸ್ ಪ್ರಿಲಿಮ್ಸ್ ಫಲಿತಾಂಶವೂ ಬಂತು. ಪಟ್ಟಿಯಲ್ಲಿ ನನ್ನ ನಂಬರ್ ಇಲ್ಲ. ಈ ಸಲವೂ ಸ್ವಲ್ಪದರಲ್ಲೇ ತಪ್ಪಿರಬೇಕು. ಆ ಪರೀಕ್ಷೆಗೆ ಪಕ್ಕದ ಕಂಬವಿಲ್ಲ. ನೀವಾದರೂ ಒಂದು ಅಂಕ ಕೊಡಿ, ಅಪ್ಪಾಜಿ.

ನಿಮ್ಮ ಮಗ,
ಮಹಂತೇಶ್