ನಿಧಾನ ಹೊಳೆಯ ದಡದಲ್ಲಿ ಅಮ್ಮನಿಗೊಂದು ಮಧ್ಯಾಹ್ನ

ಎರಡು ಸಾವಿರದ ನೂರ ತೊಂಬತ್ತೆಂಟನೇ ಇಸವಿ, ಹದಿಮೂರನೇ ತಿಂಗಳ ಎರಡನೇ ದಿನ

ಶೈಲಶ್ರೀ ಅಜ್ಜಿಯವರಿಗೆ, ನಿಮ್ಮ ಆರನೇ ತಲೆಮಾರಿನ ಇಬ್ಬನಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಡಿಸೆಂಬರ್ ಮುಗಿದ ಮೇಲೆ ನಮ್ಮಲ್ಲಿ ಹತ್ತು ದಿನದ ಪುಟ್ಟ ತಿಂಗಳೊಂದಿದೆ, ರಜೆಗೆಂದೇ ಇಟ್ಟದ್ದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಸ್ವಂತ ಮನೆತನದ ಹಿರಿಯರಿಗೆ ಮಾತ್ರ, ಜನ್ಮಕ್ಕೆ ಒಂದೇ ಹಾಳೆ. ಬೇರೆಯವರು ಅದನ್ನು ತೀರಿಕೊಂಡ ಅಪ್ಪನಿಗೋ ಅಕ್ಕನಿಗೋ ಮೀಸಲಿಡುತ್ತಾರೆ. ನಾನು ನಿಮ್ಮ ಪ್ರವಾಸದ ಪಟ್ಟಿಗಾಗಿ ಕಳೆಯುತ್ತಿದ್ದೇನೆ, ಅಷ್ಟು ರೋಸಿಹೋಗಿದ್ದೇನೆ. ನನಗೆ ಐವತ್ತೆಂಟು, ನಿಮಗೆ ಅಲ್ಲಿ ಮೂವತ್ತನಾಲ್ಕು. ಆದರೂ ಅಜ್ಜಿ ಅಜ್ಜಿಯೇ, ಹಾಗಾಗಿ ಮರ್ಯಾದೆ ಕೊಟ್ಟೇ ಬೈಯುತ್ತೇನೆ.

ಉಲ್ಲಾಸವನದ ರೆಸಾರ್ಟಿಗೆ ಹೊರಡುವ ಮೊದಲು ನೀವು ಒಂದು ಹಾಳೆಯಲ್ಲಿ ಮೂರು ದಿನದ ವೇಳಾಪಟ್ಟಿ ಬರೆದಿರಿ. ನಲವತ್ತೊಂದು ಆಟ, ಒಂದೂ ಬಿಡಬಾರದು ಅಂತ. ಆ ಹಾಳೆಯನ್ನು ನಿಮ್ಮ ಮಕ್ಕಳು ಜೋಪಾನ ಮಾಡಿದರು, ಮೊಮ್ಮಕ್ಕಳು ಕಟ್ಟು ಹಾಕಿಸಿದರು. ಈಗ ಅದು ನಮ್ಮ ವಂಶದ ಕಟ್ಟಳೆ. ಪ್ರತಿ ರಜೆಗೂ ಮೂವತ್ತೇಳು ಜನ ಅಲ್ಲಿಗೇ ಹೋಗಿ ನಿಮ್ಮ ಕೈಬರಹವನ್ನು ನಿಮಿಷ ತಪ್ಪದೆ ಪಾಲಿಸುತ್ತೇವೆ.

ನೀವು ‘೧೦:೪೦, ಕ್ಯೂ, ನಲವತ್ತೈದು ನಿಮಿಷ’ ಎಂದು ಬರೆದಿದ್ದೀರಿ. ಇಲ್ಲಿ ಕ್ಯೂ ಎನ್ನುವುದು ಹೋಗಿ ಅರವತ್ತು ವರ್ಷವಾಯಿತು. ಆದರೂ ನಾವು ಖಾಲಿ ಬಯಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಮುಕ್ಕಾಲು ಗಂಟೆ ನಿಲ್ಲುತ್ತೇವೆ. ನಮ್ಮ ಮುಂದೆ ಯಾರೂ ಇರುವುದಿಲ್ಲ. ನಿಮ್ಮ ಜೈಂಟ್ ವೀಲ್ ಇದ್ದ ಜಾಗದಲ್ಲಿ ಈಗ ರೆಸಾರ್ಟಿನ ಬಟ್ಟೆ ಒಗೆಯುವ ಕೋಣೆ ಇದೆ. ಅದನ್ನು ನಾಲ್ಕು ಸುತ್ತು ಹಾಕುತ್ತೇವೆ, ಅಲ್ಲಿಯವರು ಕಿಟಕಿಯಿಂದ ನೋಡಿ ನಗುತ್ತಾರೆ. ‘ರಮಾಕಾಂತನಿಗೆ ವಾಂತಿ ಮಾತ್ರೆ’ ಅಂತಲೂ ಇದೆ. ಆ ಪುಣ್ಯಾತ್ಮ ಯಾರೋ ನಮಗೆ ಗೊತ್ತಿಲ್ಲ. ಆದರೆ ವರ್ಷಕ್ಕೊಬ್ಬರನ್ನು ರಮಾಕಾಂತ ಅಂತ ನೇಮಿಸಿ ಮಾತ್ರೆ ನುಂಗಿಸುತ್ತೇವೆ. ಹೋದ ಸಲ ನನ್ನ ಪಾಳಿ ಬಂದಿತ್ತು. ಮಾತ್ರೆ ನುಂಗಿದ ಮೇಲೆಯೇ ನನಗೆ ವಾಂತಿಯಾಯಿತು.

ಇದನ್ನೆಲ್ಲ ನಾನು ಹಲ್ಲುಕಚ್ಚಿ ಸಹಿಸಿಕೊಂಡೇನು. ಆದರೆ ಅಮ್ಮನಿದ್ದಾಳೆ.

ನನ್ನ ಅಮ್ಮ ಸಾನಿಧ್ಯಳಿಗೆ ಎಂಬತ್ತೊಂಬತ್ತು. ಕಳೆದ ವರ್ಷ ಆ ಇಲ್ಲದ ಕ್ಯೂನಲ್ಲಿ ನಿಂತು ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಮುಗಿಲುಬಾವಿಯಲ್ಲಿ, ಅಂದರೆ ನಿಮ್ಮ ಪಟ್ಟಿಯ ಒಂದು ಹಳೆಯ ಆಟದ ಬದಲಿಗೆ ಈಗ ಬಂದಿರುವ, ಮೇಲಕ್ಕೆ ಬೀಳುವ ಬಾವಿಯಂಥ ಆಟದಲ್ಲಿ, ಅವಳಿಗೆ ಎದೆ ಹಿಡಿದುಕೊಂಡಿತು. ಮುಂದಿನ ವರ್ಷ ಇವರನ್ನು ಎಲ್ಲಿಗೂ ಕರೆದೊಯ್ಯುವ ಯೋಚನೆ ಬೇಡ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಹಾಗಾಗಿ ನಾಳೆಯದೇ ಅವಳ ಕೊನೆಯ ಪ್ರವಾಸ. ಉಲ್ಲಾಸವನದಲ್ಲಿ ಒಂದು ಹೊಳೆ ಇದೆ, ಜನ ಟ್ಯೂಬಿನಲ್ಲಿ ಮಲಗಿ ಸುಮ್ಮನೆ ತೇಲುತ್ತಾರೆ. ನಿಧಾನ ಹೊಳೆ ಅಂತಲೇ ಹೆಸರು. ನಿಮ್ಮ ಪಟ್ಟಿಯಲ್ಲಿ ಅದರ ಮುಂದೆ ‘ಬೇಡ, ಟೈಮ್ ವೇಸ್ಟ್’ ಎಂದಿದೆ. ಎಂಬತ್ತೊಂಬತ್ತು ವರ್ಷ ಅಮ್ಮ ಅದನ್ನು ದಾಟಿಕೊಂಡು ಓಡಿದ್ದಾಳೆ. ಮೊನ್ನೆ ಹೂಕೋಸು ಬಿಡಿಸುತ್ತಾ ಅಂದಳು, “ಒಂದ್ಸಲ ಅಲ್ಲಿ ನೀರಿಗೆ ಕಾಲು ಇಳಿಬಿಟ್ಕೊಂಡು ಕೂತ್ಕೋಬೇಕು ಕಣೆ, ಸಾಯಂಕಾಲದವರ್ಗೂ. ನೀನೂ ಪಕ್ಕದಲ್ಲಿರು.”

ಪಟ್ಟಿ ಈಗ ಇರುವುದು ಅವಳ ತಮ್ಮ ಪ್ರಣೀತ್ ಮಾವನ ಕೈಯಲ್ಲಿ. ಆಗ ಅಲ್ಲೇ ಜಗಲಿಯಲ್ಲಿ ಕೂತಿದ್ದರು, ಕೇಳಿದೆ. ಕನ್ನಡಕ ಒರೆಸಿಕೊಂಡು, “ಬರೆದವರೇ ಬದಲಾಯಿಸ್ಬೇಕಮ್ಮ. ನೀನ್ಯಾರು, ನಾನ್ಯಾರು?” ಅಂದರು. ಅಮ್ಮ ತಕ್ಷಣ, “ಹೋಗ್ಲಿ ಬಿಡೋ, ಸುಮ್ನೆ ಹೇಳ್ದೆ,” ಅಂತ ಹೂಕೋಸಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅದಕ್ಕೇ ಬರೆದವರನ್ನೇ ಕೇಳುತ್ತಿದ್ದೇನೆ. ನೀವು ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ಈ ಕಾಗದ ನಿಮ್ಮ ಕೈ ಸೇರುತ್ತದೆ. ಅಜ್ಜಿ, ಪೆನ್ನು ತೆಗೆದುಕೊಳ್ಳಿ. ಹೊಳೆಯ ಮುಂದೆ ಬರೆದದ್ದನ್ನು ಹೊಡೆದುಹಾಕಿ, ‘ಬೇಕಾದವರು ಬೇಕಾದಷ್ಟು ಹೊತ್ತು ಕೂರಬಹುದು’ ಎಂದು ಬರೆಯಿರಿ. ಸಾಧ್ಯವಾದರೆ ನೀವೂ ಅಲ್ಲಿ ಕೂತು ಬನ್ನಿ, ನಿಮಗೂ ಸುಸ್ತಾಗಿರುತ್ತದೆ. ನೀವು ಬರೆದರೆ ನಾಳೆ ಬೆಳಿಗ್ಗೆ ಮಾವ ಪಟ್ಟಿ ಓದುವಾಗ ಅದು ಅಲ್ಲಿರುತ್ತದೆ.

ನೀವು ಬರೆಯದಿದ್ದರೂ ನಾನು ಅವಳನ್ನು ಕರೆದುಕೊಂಡು ಹೋಗಿ ಕೂರಿಸಿಯೇ ಕೂರಿಸುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಆದರೆ ಆಗ ಅಮ್ಮ ತಪ್ಪು ಮಾಡಿದವಳ ಹಾಗೆ ಕೂರುತ್ತಾಳೆ. ಗಳಿಗೆಗೊಂದು ಸಲ ಹಿಂತಿರುಗಿ ನೋಡಿ, ಏಳೋಣವಾ ಅಂತ ಕೇಳುತ್ತಾಳೆ. ಅವಳು ಹಾಗೆ ಕೇಳದಂತೆ ಮಾಡುವುದು ನಿಮ್ಮ ಕೈಯಲ್ಲಿದೆ.

ಇಂತಿ,
ಇಬ್ಬನಿ