ಹಪ್ಪಳದ ಕೆಳಗಿನ ಗುಮ್ಮ

ಹಿಮಮಾಸದ ನಲವತ್ತೊಂದನೆಯ ದಿನ, ೨೨೮೭
ಸ್ಪಿತಿ ಕಣಿವೆ

ಮುತ್ತಜ್ಜಿಯ ಮುತ್ತಜ್ಜಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ಇಲ್ಲಿ ಕೊನೆಯ ಹಿಮ ಕರಗುವ ತನಕ ಆ ತಿಂಗಳು ಮುಗಿಯುವುದಿಲ್ಲ. ಲೆಕ್ಕದಲ್ಲಿ ನೀವು ಹಿರಿಯರು, ಆದರೆ ಸುಮಾರು ಎರಡೂವರೆ ಶತಮಾನ ಹಿಂದೆ ಕೂತು ಈ ಕಾಗದ ಓದುವಾಗ ನನ್ನ ಮಗಳಿಗಿಂತ ಚಿಕ್ಕವರಿರುತ್ತೀರಿ. ಆದ್ದರಿಂದ ಸ್ವಲ್ಪ ಸಲಿಗೆಯಿಂದ ಬರೆದರೆ ಕ್ಷಮಿಸಿ.

ನಮ್ಮ ಪದಗಳೂ ನಿಮಗೆ ವಿಚಿತ್ರವೆನಿಸಬಹುದು. ಕೊಪ್ಪಳದ ಕಡೆಯಿಂದ ರಸ್ತೆ ಕೆಲಸಕ್ಕೆ ಈ ಬೆಟ್ಟಗಳಿಗೆ ಬಂದ ನಿಮ್ಮ ಮರಿಮಕ್ಕಳಿಗೆ ಬೆಳಗ್ಗೆ ಮುಸುಕುವ ಕಾವಳಕ್ಕೂ ನೆಲದ ಹಿಮಕ್ಕೂ ಮಂಜೆನ್ನುವ ಒಂದೇ ಪದವಿತ್ತಂತೆ. ಅಷ್ಟರಿಂದ ಇಲ್ಲಿ ಬದುಕಲಾಗದೆ ಅವರು ಅಡುಗೆಮನೆಯಿಂದ ಪದ ತಂದರು. ಗಾಳಿ ಒತ್ತಿ ಗಟ್ಟಿ ಮಾಡಿದ ಮೇಲಿನ ಪದರ ಹಪ್ಪಳ. ಅದರಡಿ, ಎಷ್ಟು ಹಿಸುಕಿದರೂ ಉಂಡೆಯಾಗದೆ ಉದುರುವ ಹಿಮ ರವೆ. ರವೆಯ ಮೇಲೆ ಹಪ್ಪಳ ಕೂತಲ್ಲಿ ಕಾಲಿಟ್ಟರೆ ಒಳಗೆ 'ಗುಮ್' ಎಂದು ಕುಸಿಯುತ್ತದೆ. ಆ ಸದ್ದಿಗೆ ಅವರು ಇಟ್ಟ ಹೆಸರು, ತುತ್ತು ಉಣ್ಣಿಸುವಾಗ ಮಕ್ಕಳನ್ನು ಹೆದರಿಸುವ ಗುಮ್ಮನದೇ. ಅವನ ಬೆನ್ನಿಗೇ ಬೆಟ್ಟದ ಹಿಮವೆಲ್ಲ ಜಾರಿ ಬರಬಹುದು.

ನನ್ನ ಬಾಲ್ಯದ ಚಳಿಗಾಲಗಳನ್ನು ನೆನೆದರೆ ಈಗಲೂ ಜೀವ ಹಿಗ್ಗುತ್ತದೆ. ಕಾಲಿಗೆ ಜಾರುಹಲಗೆ ಕಟ್ಟಿಕೊಂಡು, ಹಪ್ಪಳದ ಮೇಲೆ ಭಾರ ಒಂದೇ ಕಡೆ ಬೀಳದಂತೆ ಒಬ್ಬರಿಂದೊಬ್ಬರು ದೂರ ದೂರ ಸರಿದು, ರೊಟ್ಟಿ ಸೆಟೆಯದಂತೆ ಹೊಟ್ಟೆಗೆ ಕಟ್ಟಿಕೊಂಡು ಪಕ್ಕದೂರಿನ ಮದುವೆಗೆ ಹೋಗುತ್ತಿದ್ದೆವು. ದೂರವಿದ್ದರೂ ಹರಟೆಗೆ ಬರವಿರಲಿಲ್ಲ, ಕೂಗಿ ಕೂಗಿ ಮಾತಾಡುತ್ತಿದ್ದೆವು. ಮುಂದಿದ್ದ ಅವ್ವ ಒಮ್ಮೆ ಗಕ್ಕನೆ ನಿಂತಳು. "ಗುಮ್ಮ ಬಂತು! ಮುಹೂರ್ತ ನಾಳೇನೂ ಬರ್ತೈತಿ, ಹಿಂದಕ್ಕ ನಡೀರಿ" ಎಂದಳು. ಮದುಮಗಳ ಸಮೇತ ಇಡೀ ದಿಬ್ಬಣ ತನ್ನದೇ ಹೆಜ್ಜೆಗುರುತಿನ ಮೇಲೆ ವಾಪಸಾಯಿತು.

ಆಮೇಲೆ ಹಿಮ ತೆಳುವಾಯಿತು, ಕಡೆಗೆ ನಿಂತೇ ಹೋಯಿತು. ರವೆ ಉಪ್ಪಿಟ್ಟಿಗೆ ಮರಳಿತು. ಮೊಮ್ಮಗಳು ಪಂಪಾ ಉಣ್ಣಲು ಹಟ ಮಾಡಿದಾಗ ನಾನು ಗುಮ್ಮನನ್ನು ಕರೆಯುತ್ತಿದ್ದೆ. "ಇಲ್ದಿದ್ದನ್ನ ಹೇಳಿ ಹುಡುಗೀನ ಯಾಕ ಅಂಜಸ್ತೀಯವ್ವಾ?" ಎಂದು ಮಗಳು ಗದರುತ್ತಿದ್ದಳು.

ಈ ವರ್ಷ ಹಿಮ ಬಂತು. ಅಟ್ಟದಲ್ಲಿದ್ದ ಹಲಗೆಗಳನ್ನು ಇಳಿಸಿದೆವು. ಬೆಳೆದು ನಿಂತ ಪಂಪಾ ನನ್ನನ್ನು ಹಿಂದೆ ಬಿಟ್ಟು ಬೆಟ್ಟದ ಬುಡದ ಬಯಲಿಗೆ ಓಡಿದಳು. ಇಳಿಜಾರು ಇನ್ನೇನು ಶುರುವಾಗಬೇಕು, ಅವಳ ಕಾಲಡಿ ಗುಮ್ಮ ಗುಮ್ಮೆಂದ. ನಾನು ಕೂಗುವುದರೊಳಗೆ ಅವಳೇ ನಿಂತಳು, ತುತ್ತು ಬಾಯಲ್ಲಿಟ್ಟುಕೊಂಡು ಬೆದರಿದ ಮಗುವಿನ ಹಾಗೆ. ಬಂದ ಹೆಜ್ಜೆಯಲ್ಲೇ ಮೆಲ್ಲಗೆ ಹಿಂದೆ ಬಂದಳು. ಅವಳು ನನ್ನನ್ನು ಮುಟ್ಟುವ ಹೊತ್ತಿಗೆ ಬೆಟ್ಟದ ಮೇಲಿನ ಹಪ್ಪಳ ಒಡೆದು ಜಾರಿ ಬಂದು, ಅವಳು ನಿಂತಿದ್ದ ಜಾಗವೆಲ್ಲ ಹೂತುಹೋಯಿತು.

"ಅಜ್ಜೀ, ಗುಮ್ಮ ಖರೇನ ಅದಾನಲ್ಲ!" ಎಂದಳು. ಅವಳನ್ನು ತಬ್ಬಿ ಅತ್ತೆ. ಅಂಜಿಕೆಗೂ ಅತ್ತೆ, ಅವ್ವನ ಕಾಲದ ಆ ಸದ್ದು ಮತ್ತೆ ಕಿವಿಗೆ ಬಿದ್ದ ಸಂತೋಷಕ್ಕೂ ಅತ್ತೆ.

ಮಕ್ಕಳನ್ನು ಹೆದರಿಸಬಾರದೆಂದು ನಿಮ್ಮ ಕಾಲದವರು ತೀರ್ಮಾನಿಸಿದ್ದೀರಂತೆ. ಒಳ್ಳೆಯದೇ. ಪೊಲೀಸರನ್ನು ಬಿಡಿ, ಸೂಜಿಯ ಡಾಕ್ಟರನ್ನೂ ಬಿಡಿ. ಗುಮ್ಮನನ್ನು ಮಾತ್ರ ಬಿಡಬೇಡಿ, ತಾಯಿ. ಇವತ್ತು ನಿಮ್ಮ ಮಗು ತುತ್ತು ಉಗುಳಿದರೆ ಒಂದು ಸಲ ಅವನನ್ನು ಕರೆಯಿರಿ. ಅವನು ಪಂಪಾಳ ತನಕ ಬರಬೇಕು.